ಒಂದು ಮೊಳ ಬಾಲ

ಒಂದು ರಾಜ್ಯವಿತ್ತಂತೆ, ಆ ರಾಜ್ಯಕ್ಕೊಬ್ಬ ರಾಜ, ರಾಜನಿಗೊಂದು ಕುದುರೆ. ಕುದುರೆಯ ಬಾಲ ನೆಲದವರೆಗೆ ಇಳಿದು, ಅದು ಓಡಿದ ದಾರಿಯನ್ನು ಅದೇ ಗುಡಿಸಿಕೊಂಡು ಹೋಗುತ್ತಿತ್ತಂತೆ. ಹಾಗಾಗಿ ರಾಜ ಎಲ್ಲಿ ಏನು ಕೊಳ್ಳೆ ಹೊಡೆದು ಬಂದರೂ ಗೊರಸಿನ ಗುರುತು ಉಳಿಯುತ್ತಿರಲಿಲ್ಲ. ಆ ಬಾಲ ಬಾಚುವುದಕ್ಕೆಂದೇ ಒಬ್ಬ ಹುಡುಗಿಯಿದ್ದಳು. ಅವಳ ಅಪ್ಪನನ್ನು ರಾಜ ಯಾವುದೋ ಸಿಟ್ಟಿನಲ್ಲಿ ಕೋಟೆಯ ಮೇಲಿಂದ ತಳ್ಳಿಸಿದ್ದ. ಹುಡುಗಿ ಅಳಲಿಲ್ಲ, ಕೂಗಾಡಲಿಲ್ಲ, ಬಾಚುತ್ತಲೇ ಹೋದಳು. ದಿನಕ್ಕೊಂದು ಕೂದಲು ಮಾತ್ರ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎಷ್ಟೋ ವರ್ಷಗಳಾದ ಮೇಲೆ ಒಂದು ದಿನ ರಾಜ ಹಗೆಗಳಿಂದ ತಪ್ಪಿಸಿಕೊಂಡು ಓಡುತ್ತ ಹಿಂದಕ್ಕೆ ತಿರುಗಿ ನೋಡುತ್ತಾನೆ: ದಾರಿಯುದ್ದಕ್ಕೂ ಗೊರಸಿನ ಗುರುತು, ಒಂದೊಂದೂ ಬಟ್ಟಲಿನಷ್ಟು ಆಳ. ಅಜ್ಜಿ ಕಥೆಯನ್ನು ಅಲ್ಲಿಗೇ ಬಿಟ್ಟು ತುತ್ತು ಕಲಸುತ್ತಿದ್ದಳು. ರಾಜ ಏನಾದನೆಂದು ಹೇಳುತ್ತಿರಲಿಲ್ಲ. ಮೈಸೂರಿನ ಆ ನಡುಮನೆಯಲ್ಲಿ ಏಳು ವರ್ಷದ ಇಂಚರಾ ಒಮ್ಮೆ ಕೇಳಿದ್ದಳು: "ದಿನಾ ಕಿತ್ತರೆ ಕುದುರೆಗೆ ನೋಯಲ್ವಾ ಅಜ್ಜಿ?" ಅಜ್ಜಿಯ ಕೈ ತಟ್ಟೆಯಲ್ಲೇ ಒಂದು ಗಳಿಗೆ ನಿಂತಿತ್ತು. "ಸೇಡು ತೀರಿಸ್ಕೊಳ್ಳೋರು ಕುದುರೇನ ಕೇಳ್ಕೊಂಡು ಹೊರಡ್ತಾರೇನೇ? ಬಾಯಿ ತೆಗಿ, ಸಾರನ್ನ ಆರಿಹೋಗುತ್ತೆ."

ಇಪ್ಪತ್ತಾರು ವರ್ಷದ ಇಂಚರಾ ಈಗ ಆ ಪ್ರಶ್ನೆಯನ್ನು ಕೇಳಬಾರದೆಂದು ಪಣ ತೊಟ್ಟವಳಂತೆ, ಎರ್ನಾಕುಲಂ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಬೆಳಿಗ್ಗೆ ಆರಕ್ಕೆ ಹತ್ತಿದ ರೈಲಿನ ಕಿಟಕಿಗೆ ಹಣೆಯಾನಿಸಿ ಕೂತಿದ್ದಳು. ತೊಡೆಯ ಮೇಲೆ ಚೀಲ. ಚೀಲದಲ್ಲಿ ಅಗಲ ಹಲ್ಲಿನ ಬಾಚಣಿಗೆ, ಸಿಕ್ಕು ಬಿಡಿಸುವ ಎಣ್ಣೆ, ಒಂದು ಕಟ್ಟು ರಬ್ಬರ್ ಬ್ಯಾಂಡು, ಟವೆಲ್ಲಿನಲ್ಲಿ ಸುತ್ತಿದ ಕತ್ತರಿ. ಟೈಲರುಗಳು ಬಳಸುವಂಥ ಕತ್ತರಿಯೇ ಬೇಕೆಂದು ಎಡಪ್ಪಳ್ಳಿಯ ಮಾಲಿನಲ್ಲಿ ಮೂರು ಅಂಗಡಿ ಸುತ್ತಿ ಕೊಂಡದ್ದು. ಅಂಗಡಿಯವಳು, ಚೇಚ್ಚಿ, ಅಂದರೆ ಅಕ್ಕಾ, ಹೊಲಿಗೆ ಕಲಿಯುತ್ತಿದ್ದೀರಾ ಎಂದು ಕೇಳಿದ್ದಕ್ಕೆ, ಕತ್ತರಿಸುವುದನ್ನು ಮಾತ್ರ ಎಂದಿದ್ದಳು. ಆಮೇಲೆ ಆ ಉತ್ತರ ತನಗೇ ಇಷ್ಟವಾಗಿ ಎರಡು ದಿನ ಅದನ್ನು ಚಪ್ಪರಿಸಿದ್ದಳು. ತಿರುವನಂತಪುರದಲ್ಲಿ ಇವತ್ತು ಕುದುರೆಗಳ ನಡಿಗೆಯ, ಅಂದದ ಸ್ಪರ್ಧೆ. ಅವಳು ಹೋಗುವ ಕುದುರೆ ಕ್ಲಬ್ಬಿನ ಸವಾರ ಆಶಿಶ್ ತನ್ನ ಕುದುರೆ ಸಮ್ರಾಟನನ್ನು ನಿನ್ನೆಯೇ ಲಾರಿಯಲ್ಲಿ ಅಲ್ಲಿಗೆ ಒಯ್ದಿದ್ದಾನೆ. ಸಮ್ರಾಟನ ಬಾಲ ಕಡುಕಪ್ಪು, ನೆಲ ಮುಟ್ಟಿ ಇನ್ನೂ ಒಂದು ಬೆರಳು ಹರಿದಾಡುವಷ್ಟು ಉದ್ದ. ಆಶಿಶನ ಫೋನಿನಲ್ಲಿ ಅವನ ಮುಖಕ್ಕಿಂತ ಆ ಬಾಲದ ಚಿತ್ರಗಳೇ ಹೆಚ್ಚು. ಅದನ್ನು ಮುಟ್ಟಲು ಬಿಡುವುದು ಇಂಚರಾ ಒಬ್ಬಳನ್ನು. ಹನ್ನೊಂದು ತಿಂಗಳಿಂದ ಪ್ರತಿ ಶನಿವಾರ, ಪ್ರತಿ ಭಾನುವಾರ ಅವಳು ಆ ಬಾಲವನ್ನು ತೊಳೆದಿದ್ದಾಳೆ, ಎಳೆ ಎಳೆಯಾಗಿ ಬಿಡಿಸಿದ್ದಾಳೆ, ಎಣ್ಣೆ ಸವರಿದ್ದಾಳೆ. ಕಾಕನಾಡಿನ ಆಫೀಸಿನಲ್ಲಿ ಜೊತೆಯ ಜೀವಿತಾ, ನಿನ್ನ ಸ್ವಂತ ತಲೆಗೂದಲು ಕಾಗೆಗೂಡಾಗಿದೆ, ಮೊದಲು ಅದನ್ನು ನೋಡಿಕೋ ಎನ್ನುತ್ತಾಳೆ. ಎಲ್ಲರಿಗೂ ಅದು ಭಕ್ತಿಯಂತೆ ಕಾಣುತ್ತಿತ್ತು. ಹರಕೆಯ ಕುರಿಗೆ ಸೊಪ್ಪು ಹಾಕುವವರ ಮುಖದಲ್ಲೂ ಭಕ್ತಿಯೇ ಇರುತ್ತದಲ್ಲ. ಬಾಲದ ಮೂಳೆ ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲಿ, ಅಖಾಡಕ್ಕೆ ಇಳಿಯಲು ಹತ್ತು ನಿಮಿಷವಿರುವಾಗ, ಒಂದೇ ಸಲ ಕತ್ತರಿಸುವುದು. ಕೋಟ್ಟಯಂ ಬರುವುದರೊಳಗೆ ಅವಳು ಮನಸ್ಸಿನಲ್ಲಿ ಎಂಟು ಸಲ ಕತ್ತರಿಸಿ ಮುಗಿಸಿದ್ದಳು.

ಬಾಲ ಹಿಡಿಯುವುದನ್ನು ಕಲಿಸಿದ್ದು ಅಣ್ಣಪ್ಪ. ಕುಣಿಗಲ್ ಕಡೆಯವನು, ಅರವತ್ತರ ಹತ್ತಿರ, ಕುದುರೆಗಳ ನಡುವೆಯೇ ಹುಟ್ಟಿದವನಂತೆ ಕಾಲು ಅಗಲಿಸಿ ನಿಲ್ಲುತ್ತಿದ್ದ. ತ್ರಿಪ್ಪುಣಿತ್ತುರದ ಹೊರಗಿನ ಆ ಸಣ್ಣ ಕ್ಲಬ್ಬಿನ ಲಾಯದಲ್ಲಿ ಸವಾರಿ ಕಲಿಯಲು ಬಂದ ಅವಳು ಮೊದಲ ದಿನ ಕನ್ನಡದ ದನಿ ಕೇಳಿ ನಿಂತುಬಿಟ್ಟಿದ್ದಳು. ನಿಂತದ್ದು ಕಪ್ಪು ಹೆಣ್ಣುಕುದುರೆಯೊಂದರ ನೇರ ಹಿಂದೆ. "ಏಯ್, ಅತ್ತಾಗ್ ಬಾರವ್ವ! ಹಿಂದೆ ನಿಂತೋರು ಕುದುರೆ ಕಣ್ಣಿಗೆ ಇಲ್ದೋರು. ಇಲ್ದೋರು ಮುಟ್ಟಿದ್ರೆ ಅದು ಒದೀದೆ ಇನ್ನೇನ್ ಮಾಡ್ತೈತೆ?" ಪಕ್ಕಕ್ಕೆ ನಿಲ್ಲಬೇಕು, ಭುಜ ಅದರ ತೊಡೆಗೆ ತಾಗುವಷ್ಟು ಹತ್ತಿರ, ಒಂದು ಕೈ ಅದರ ಬೆನ್ನಮೇಲಿಂದ ಜಾರಿಸಿಕೊಂಡು ಬರಬೇಕು, ಬಾಯಲ್ಲಿ ಏನಾದರೂ ಮಾತಿರಬೇಕು, ಬಾಲವನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಮೇಲಿನಿಂದ ಬಾಚಬಾರದು. ತುದಿಯಿಂದ ಶುರುಮಾಡಿ, ಮೊದಲು ಬೆರಳಿನಲ್ಲಿ, ಆಮೇಲೆ ಬಾಚಣಿಗೆಯಲ್ಲಿ, ಗೇಣು ಗೇಣು ಮೇಲಕ್ಕೆ ಹೋಗಬೇಕು. ಒಂದು ಎಳೆ ತುಂಡಾದರೆ ಮತ್ತೆ ಅಷ್ಟಾಗಲು ವರ್ಷಗಳು. ಕೂದಲನ್ನು ಬೇಕಾದರೆ ತೇವ ಮಾಡು, ಕಟ್ಟುವ ಬಟ್ಟೆಯನ್ನು ಎಂದೂ ಒದ್ದೆ ಮಾಡಬೇಡ, ಒಣಗುತ್ತ ಒಣಗುತ್ತ ಅದು ಉರುಳಾಗುತ್ತದೆ. ಆ ಕಪ್ಪು ಕುದುರೆಯ ಹಣೆಯಲ್ಲಿ ಬೆಳ್ಳಗೆ ಒಂದು ಚಂದ್ರ, ಅದಕ್ಕೇ ಮಲಯಾಳದಲ್ಲಿ ಅಂಬಿಳಿ ಎಂದು ಹೆಸರು. ಅಣ್ಣಪ್ಪನ ಬಾಯಲ್ಲಿ ಅವಳು ಅಂಬ್ಲಿಯೇ. ಇಂಚರಾ ಬಾಚುತ್ತ ಅಂಬಿಳಿಗೆ ಅಜ್ಜಿಯ ಕಥೆಗಳನ್ನು ಹೇಳುತ್ತಿದ್ದಳು, ಬಾಯಲ್ಲಿ ಏನಾದರೂ ಮಾತಿರಬೇಕಲ್ಲ. ಅದನ್ನು ಆಶಿಶ್ ಬೇಲಿಯಾಚೆ ನಿಂತು ಕೇಳಿಸಿಕೊಂಡದ್ದು ಒಂದು ದಿನ ಸವಾರಿ ಕಲಿಯಲು ಬಂದವರೆಲ್ಲ ಸೇರಿದ್ದಾಗ ಗೊತ್ತಾಯಿತು. "ಬನ್ನಿ ಬನ್ನಿ, ಕೇಳಿ, ಒಂದು ಊರಿನಲ್ಲಿ ಒಂದು ಅಜ್ಜಿಕಥೆ ಇತ್ತಂತೆ," ಎಂದು ಅವಳ ದನಿಯಲ್ಲೇ, ಅವಳ ಹಾಗೆಯೇ ಕತ್ತು ಓರೆ ಮಾಡಿ ನುಡಿದ. ಅವನ ಕನ್ನಡ ಮಲಯಾಳದ ಇಳಿಜಾರಿನಲ್ಲಿ ಜಾರುತ್ತಿತ್ತು. ತಿರುವನಂತಪುರದಲ್ಲಿ ಹುಟ್ಟಿ ಬೆಳೆದವನು, ಅಪ್ಪ ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿಯಾಗಿದ್ದವರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವತ್ತು ತಾನೂ ನಕ್ಕಿದ್ದೆ ಎಂಬುದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಇನ್ನೂ ಅಲ್ಲೇ ಇದೆ.

ಆದರೆ ಅದಕ್ಕಲ್ಲ ಈ ಕತ್ತರಿ. ನಕ್ಕವರಿಗೆಲ್ಲ ಕತ್ತರಿ ಹಿಡಿದರೆ ಲೋಕದಲ್ಲಿ ಯಾರಿಗೂ ಬಾಲ ಉಳಿಯುವುದಿಲ್ಲ. ಕಳೆದ ವರ್ಷವೂ ಇದೇ ಸ್ಪರ್ಧೆ. ಆಗ ಹೊರಟದ್ದು ಅಂಬಿಳಿ. ಲಾರಿಯ ಹಿಂಬದಿಯ ಹಲಗೆಗೆ ಉಜ್ಜಿ ಬಾಲದ ಬುಡ ಕೆದರದಿರಲಿ ಎಂದು ಕ್ರೇಪ್ ಬ್ಯಾಂಡೇಜು ಸುತ್ತುವುದು ರೂಢಿ. ಅಣ್ಣಪ್ಪ ಹುಲ್ಲು ತರಲು ಹೋಗಿದ್ದ. ಆಶಿಶ್ ಬ್ಯಾಂಡೇಜನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ ಅವಳ ಕೈಗಿಟ್ಟ. "ಒದ್ದೆ ಇದ್ದರೆ ಕೂದಲು ನುಣ್ಣಗೆ ಕೂರುತ್ತೆ. ನೀನೇ ಕಟ್ಟು ಇಂಚರಾ, ನಿನ್ನ ಕೈ ಚೆಂದ." ಒದ್ದೆ ಬಟ್ಟೆ ಉರುಳಾಗುತ್ತದೆ ಎಂಬ ಮಾತು ಆಗ ಅವಳಿಗೆ ನೆನಪಾಯಿತು, ನೆನಪಾಗಲಿಲ್ಲವೆಂದು ಯಾರಿಗೆ ಬೇಕಾದರೂ ಹೇಳಬಹುದು, ಆದರೆ ನೆನಪಾಯಿತು, ನೆನಪಾದದ್ದರ ಮೇಲೆ 'ನಿನ್ನ ಕೈ ಚೆಂದ' ಎಂಬುದು ಮೆಲ್ಲಗೆ ಬಂದು ಕೂತುಕೊಂಡಿತು. ಮೇಲಿಂದ ಕೆಳಕ್ಕೆ, ಸುತ್ತಿನ ಮೇಲೆ ಸುತ್ತು, ಒಂದು ಸುಕ್ಕೂ ಇಲ್ಲದ ಹಾಗೆ ಕಟ್ಟಿದಳು. ಅಷ್ಟು ಅಂದವಾಗಿ ಅವಳು ಬದುಕಿನಲ್ಲಿ ಇನ್ನೇನನ್ನೂ ಕಟ್ಟಿರಲಿಲ್ಲ. ಆಮೇಲೆ ಆಶಿಶನ ಕಾರಿನಲ್ಲಿ ಮುಂದಿನ ಸೀಟು. ಕೊಲ್ಲಂ ದಾಟಿದ ಮೇಲೆ ಅಣ್ಣಪ್ಪನ ಫೋನು ಬಂತು, ಕಾರಿನ ಸ್ಪೀಕರಿನಲ್ಲಿ ದೊಡ್ಡದಾಗಿ: "ಸಾರ್, ನಾವ್ ಬಂದು ಸೇರಿದ್ವಿ. ಬಟ್ಟೆ ಬಿಗೀತಾ ಐತೆ, ಬಿಚ್ಬಿಡ್ಲಾ?" ಆಶಿಶ್ ಹಾರ್ನ್ ಒತ್ತುತ್ತ ಹೇಳಿದ: "ಬೇಡ ಬೇಡ. ಬೆಳಿಗ್ಗೆ ನಾನು ಬಂದ ಮೇಲೆ. ಅಲ್ಲಿವರೆಗೆ ಯಾರೂ ಮುಟ್ಟಬಾರದು." "ಅಲ್ಲ ಸಾರ್—" "ಅಣ್ಣಪ್ಪ ಚೇಟ್ಟಾ, ಹೇಳಿದಷ್ಟು ಮಾಡಿ." ಫೋನು ಇಟ್ಟು ಅವಳತ್ತ ತಿರುಗಿ, "ಹಳೇ ಕಾಲದವರು, ಸಾರಮಿಲ್ಲ, ಪರವಾಗಿಲ್ಲ ಬಿಡು," ಎಂದು ನಕ್ಕ. ಅವಳು ಕಿಟಕಿಯ ಹೊರಗೆ ನೋಡಿದಳು. ಹೊರಗೆ ಏನಿತ್ತೆಂದು ಇವತ್ತಿಗೂ ಹೇಳಬಲ್ಲಳು: ಮೀನಿನ ಬುಟ್ಟಿ ಹೊತ್ತ ಸ್ಕೂಟರು, ಹಳದಿ ಬಣ್ಣದ ಚರ್ಚು, ಛತ್ರಿಯ ಜಾಹೀರಾತು. ಮರುದಿನ ಬೆಳಿಗ್ಗೆ ಬಿಚ್ಚಿದಾಗ ಬಾಲ ತಣ್ಣಗಿತ್ತು. ಕಲ್ಲಿನ ತಂಪಲ್ಲ, ಫ್ರಿಜ್ಜಿನಿಂದ ತೆಗೆದ ತರಕಾರಿಯ ತಂಪು. ಮೂರು ವಾರಕ್ಕೆ ಕೂದಲು ಉದುರಿ, ತೊಗಲು ಕಪ್ಪಾಗಿ, ಕೊನೆಗೆ ಡಾಕ್ಟರು ಬಾಲದ ಅರ್ಧವನ್ನು ಮೂಳೆಸಮೇತ ತೆಗೆದರು.

ಎರ್ನಾಕುಲಂನಲ್ಲಿದ್ದ ಕ್ಲಬ್ಬಿನ ಆಫೀಸಿನಲ್ಲಿ ಕಮಿಟಿಯ ಐದು ಜನ ಕೂತು ವಿಚಾರಿಸಿದರು. ಏಸಿಯ ಗಾಳಿಗೆ ಅಣ್ಣಪ್ಪ ಮೈ ಮುದುಡಿ ನಿಂತಿದ್ದ. ಅವನಿಗೆ ಕುರ್ಚಿ ಇರಲಿಲ್ಲ, ಅವಳಿಗೆ ಇತ್ತು. ಬಿಚ್ಚಲು ಹೇಳಿದ್ದೆ, ಅವನು ಮರೆತ, ಎಂದ ಆಶಿಶ್. ಮಲಯಾಳದಲ್ಲಿ ಹೇಳಿದ, ಬಹಳ ಬೇಸರದಿಂದ ಹೇಳಿದ, ತನಗೇ ನಂಬಿಕೆ ಬರುವಂತೆ ಹೇಳಿದ. ಅಣ್ಣಪ್ಪ ತನ್ನ ಮುರುಕು ಮಲಯಾಳದಲ್ಲಿ ಅಲ್ಲ ಅಲ್ಲ ಎಂದು ಎರಡು ಸಲ ಅಂದು, ಮೂರನೆಯದಕ್ಕೆ ಅವಳನ್ನು ನೋಡಿದ. ನೀವೂ ಕಾರಿನಲ್ಲಿ ಇದ್ದಿರಲ್ಲ, ಫೋನಿನಲ್ಲಿ ಏನು ಮಾತಾಯಿತು, ಎಂದು ಐವರಲ್ಲಿ ಒಬ್ಬರು ಕೇಳಿದರು. ಅವಳು, ನೆನಪಿಲ್ಲ ಎಂದಳು. ಫೋನಿನ ಮಾತು ಹೊರಬಂದರೆ ಅದರ ಬಾಲ ಹಿಡಿದು ಕಟ್ಟಿದ್ದು ಯಾರು ಎಂಬುದೂ ಬರುತ್ತದೆ. ಮುಂದಿನ ಸ್ಪರ್ಧೆಗೆ ನೀನೇ ಸವಾರಿ ಮಾಡು ಎಂದು ಹಿಂದಿನ ದಿನವಷ್ಟೇ ಆಶಿಶ್ ಅಂದಿದ್ದ. ಎರಡಕ್ಷರ ಕಡಿಮೆ ಹೇಳಿದರೆ ಅಷ್ಟೂ ಉಳಿಯುತ್ತದೆ. ಅಣ್ಣಪ್ಪ ಅವಳನ್ನು ನೋಡುವುದನ್ನು ನಿಲ್ಲಿಸಿದ. ಅವನು ಬೈದಿದ್ದರೆ ಆಗುತ್ತಿತ್ತು. ತನ್ನ ಹಿಂದೆ ನಿಂತದ್ದನ್ನು ಕುದುರೆ ಹೇಗೆ ಕಾಣುವುದಿಲ್ಲವೋ ಹಾಗೆ ಅವಳನ್ನು ಕಾಣದವನಾಗಿ, ಮೂಲೆಯಲ್ಲಿ ಬಿಟ್ಟಿದ್ದ ಚಪ್ಪಲಿ ಹಾಕಿಕೊಂಡು ಹೊರಟುಹೋದ. ಸವಾರಿಯ ಮಾತನ್ನು ಆಶಿಶ್ ಆಮೇಲೆ ಎತ್ತಲೂ ಇಲ್ಲ. ಒಂದು ದಿನ ಅವಳೇ ಎತ್ತಿದಾಗ ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಅವಳು ನಟಿಸಿದ್ದ ಮರೆವು ಅವನಿಗೆ ಸಲೀಸಾಗಿ ಬಂದಿತ್ತು. ಸೇಡು ಹುಟ್ಟಿದ್ದು ಅಂಬಿಳಿಗಾಗಿಯೋ, ಅಣ್ಣಪ್ಪನಿಗಾಗಿಯೋ, ಆ ಮರೆತ ಮಾತಿಗಾಗಿಯೋ ಎಂದು ಬಾಲದ ಹಾಗೆ ತುದಿಯಿಂದ ಬಿಡಿಸುತ್ತ ಹೋದರೆ ಪ್ರತಿ ಸಲವೂ ಬುಡದ ಹತ್ತಿರ ಒಂದು ಗಂಟು ಉಳಿಯುತ್ತದೆ.

ಬಾಲವಿಲ್ಲದ ಕುದುರೆ ಕ್ಲಬ್ಬಿಗೆ ಬೇಡವಾಯಿತು. ತಿರುವನಂತಪುರದ ಹತ್ತಿರ ಕಳಕ್ಕೂಟ್ಟಂ ದಾಟಿ ಒಳಗೆ ತೆಂಗಿನ ತೋಟ ಮಾಡಿಕೊಂಡಿದ್ದ ಕೌಸಲ್ಯಾ ಎಂಬ, ಕೆಲಸದಿಂದ ನಿವೃತ್ತರಾದ ಕನ್ನಡತಿಯೊಬ್ಬರು ಅದನ್ನು ತಂದು ಸಾಕಿಕೊಂಡರು, ಕೆಲಸ ಕಳೆದುಕೊಂಡು, ಕೇಳಿಕೊಂಡು ಬಂದ ಅಣ್ಣಪ್ಪನನ್ನೂ ಇಟ್ಟುಕೊಂಡರು. ಇಂಚರಾ ಹುಡುಕಿಕೊಂಡು ಹೋದಾಗ ಅಣ್ಣಪ್ಪ ಬೇವಿನ ಸೊಪ್ಪಿನ ಕೊಂಬೆ ಹಿಡಿದು ಅಂಬಿಳಿಯ ಮೈಮೇಲಿನ ನೊಣ ಓಡಿಸುತ್ತಿದ್ದ. ನೊಣ ಕೂತಲ್ಲಿ ಕೂತಲ್ಲಿ ಕುದುರೆಯ ತೊಗಲು ನಡುಗುತ್ತಿತ್ತು. ಉಳಿದಿದ್ದ ಮೊಂಡು ಬಾಲ ಏಳುತ್ತಿತ್ತು, ಬೀಳುತ್ತಿತ್ತು, ಮುಟ್ಟಬೇಕಾದ್ದನ್ನು ಮುಟ್ಟುತ್ತಿರಲಿಲ್ಲ. ಪಕ್ಕೆಯಲ್ಲಿ ಕಚ್ಚಿದ ಗಾಯಗಳು. ಇದೇ ಕೆಲಸವಾ ದಿನವಿಡೀ, ಎಂದು ಕೇಳಬಾರದ್ದನ್ನು ಕೇಳಿದಳು.

"ಇನ್ನೇನ್ ಕೆಲ್ಸ ಐತೆ," ಎಂದ ಅಣ್ಣಪ್ಪ, ಕೊಂಬೆ ನಿಲ್ಲಿಸದೆ. "ದೇವ್ರು ಇವ್ಳಿಗೆ ಒಂದ್ ಬಾಲ ಕೊಟ್ಟಿದ್ದ, ಈಗ ನನ್ನ ಕೊಟ್ಟವ್ನೆ."

"ನಾನು ತಂದುಕೊಡ್ತೀನಿ ಅಣ್ಣಪ್ಪ. ಬಾಲ."

"ಯಾವ್ ಅಂಗ್ಡೀಲಿ ಸಿಕ್ತದವ್ವ?"

"ಸಮ್ರಾಟಂದು. ಹೆಣೆದು ಕಟ್ಟಬಹುದು. ಬುಡದಲ್ಲಿ ಇನ್ನೂ ಕೂದಲಿದೆಯಲ್ಲ, ಅದಕ್ಕೆ ಸೇರಿಸಿ."

ಕೊಂಬೆ ನಿಂತಿತು. ಅಣ್ಣಪ್ಪ ಅವಳ ಮುಖ ನೋಡಿದ, ಆಫೀಸಿನ ವಿಚಾರಣೆಯ ನಂತರ ಮೊದಲ ಸಲ. "ಆಡೋದು ಆಡ್ಬಿಟ್ಟೆ. ತರ್ದೆ ಈ ಕಡೆ ತಲೆ ಹಾಕ್ಬ್ಯಾಡ." ಅವಳು ಹಾಕಲಿಲ್ಲ.

ಸ್ಪರ್ಧೆಯ ಮೈದಾನ ತಲುಪಿದಾಗ ಹನ್ನೊಂದು. ಬಿಸಿಲಿಗೆ ನೆಲ ಬಿಳಿಚಿತ್ತು. ಸಾಲಾಗಿ ಹಾಕಿದ ತಗಡಿನ ಚಪ್ಪರದ ಕೆಳಗೆ ಕುದುರೆಗಳು, ಕೆಲವುಗಳ ಬಾಲಕ್ಕೆ ಕೆಂಪು ರಿಬ್ಬನ್ನು, ಒದೆಯುವಂಥವು, ದೂರವಿರಿ ಎಂದು. ಸಮ್ರಾಟನ ಬಾಲಕ್ಕೆ ರಿಬ್ಬನ್ನಿಲ್ಲ, ಅದು ಸಾಧು. ಅವಳ ದನಿ ಕೇಳಿದ್ದೇ ಕಿವಿ ಹಿಂದಕ್ಕೆ ತಿರುಗಿಸಿ ಮೂಗಿನಲ್ಲಿ ಸಣ್ಣಗೆ ಗುಟುರು ಹಾಕಿತು. ಚಪ್ಪರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಿಳಿ ಅಂಗಿಯ ಮುದುಕರೊಬ್ಬರು ಕೂತಿದ್ದರು. "ಅಪ್ಪ," ಎಂದು ಆಶಿಶ್ ಪರಿಚಯಿಸಿದ. "ಮೂವತ್ತು ವರ್ಷ ರಾಕೆಟ್ಟು ನೋಡಿದ್ದಾರೆ, ಇವತ್ತು ಮೊದಲ ಸಲ ಕುದುರೆ ನೋಡಲು ಬಂದಿದ್ದಾರೆ. ಅಪ್ಪಾ, ಇವಳೇ ನಮ್ಮ ಅಜ್ಜಿಕಥೆ." ಉಮಾಮಹೇಶ್ವರ ಎಂಬ ಆ ಮುದುಕರು ಎದ್ದು ಕೈಮುಗಿದರು, ಅವಳಿಗೆ ಯಾರೂ ಎದ್ದು ಕೈಮುಗಿದದ್ದಿಲ್ಲ. "ಯಾವೂರಮ್ಮಾ? ಮೈಸೂರಾ? ನಮ್ಮದು ನಂಜನಗೂಡು. ಇವನಿಗೆ ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಜವಾಬು ಕೊಡ್ತಾನೆ. ಬೈಗುಳ ಅರ್ಧ ದಾರೀಲೇ ಸತ್ತುಹೋಗುತ್ತೆ." ನಗಬಾರದೆಂದುಕೊಂಡಿದ್ದರೂ ನಗು ಬಂತು. ಈ ಮುದುಕರು ಇಲ್ಲಿರಬಾರದಿತ್ತು ಅನಿಸಿತು; ಮರುಗಳಿಗೆಯೇ, ಇರಬೇಕಾದ್ದೇ ಇವರು, ಮಗನ ಮುಖ ಇವರ ಕಣ್ಣಮುಂದೆಯೇ ಇಳಿಯಬೇಕು ಅನಿಸಿತು. ಆಶಿಶ್ ಕೈಗವಸು ಎಳೆದುಕೊಳ್ಳುತ್ತ, "ಹತ್ತು ನಿಮಿಷ. ಮೇಲೆ ಜಡೆ, ಕೆಳಗೆ ಪೂರಾ ಬಿಟ್ಟುಬಿಡು, ನೆಲ ಮುಟ್ಟಬೇಕು," ಎಂದ. ಹಿಂದಕ್ಕೆ ನಡೆಸುವಾಗ ತುಳಿಯುತ್ತದೆ, ಎಂದಳು. ಹೋದ ವಾರದ ಅಭ್ಯಾಸದಲ್ಲಿ ಸಮ್ರಾಟ ತನ್ನ ಬಾಲವನ್ನು ತಾನೇ ತುಳಿದು, ಗಾಬರಿಯಿಂದ ಎಗರಿ, ಹಿಡಿಕೂದಲು ಕಿತ್ತುಬಂದಿತ್ತು. "ಅದೃಷ್ಟ ಇದ್ದರೆ ತುಳಿಯಲ್ಲ. ಬಾಲ ನೋಡೋಕೆ ತಾನೇ ಜನ ಬರೋದು," ಎಂದು ಹೆಸರು ಬರೆಸಲು ಹೋದ.

ಅವಳು ಪಕ್ಕಕ್ಕೆ ನಿಂತಳು. ಬೆನ್ನಮೇಲಿಂದ ಅಂಗೈ ಜಾರಿಸಿದಳು. ಬಾಯಲ್ಲಿ ಏನಾದರೂ ಮಾತಿರಬೇಕು, ಆದರೆ ಕಥೆಯೊಂದೂ ಬರಲಿಲ್ಲ. "ನಾನೇ ಕಣೋ, ನಾನೇ," ಎಂದಷ್ಟೇ ಹೇಳಿದಳು. ಸಮ್ರಾಟ ಒಂದು ಹಿಂಗಾಲಿನ ಭಾರ ಸಡಿಲಿಸಿ, ಗೊರಸಿನ ತುದಿ ನೆಲಕ್ಕೂರಿ, ತನ್ನ ತೂಕದ ಸ್ವಲ್ಪ ಪಾಲನ್ನು ಅವಳ ಭುಜಕ್ಕೆ ಕೊಟ್ಟು ನಿಂತಿತು. ಬಾಲವನ್ನು ತನ್ನ ಕಡೆಗೆ ಎಳೆದುಕೊಂಡಳು. ಹನ್ನೊಂದು ತಿಂಗಳು ಅವಳೇ ಎಣ್ಣೆ ಹಚ್ಚಿದ ಕಪ್ಪು. ಬೆರಳು ತುದಿಯವರೆಗೆ ಎಲ್ಲೂ ತಡೆಯದೆ ಹರಿಯಿತು. ಮೂಳೆ ಮುಗಿಯುವ ಜಾಗವನ್ನು ಕಣ್ಣುಮುಚ್ಚಿ ಹುಡುಕಿದಳು. ಬೆಚ್ಚಗಿತ್ತು. ಬಾಲ ಬೆಚ್ಚಗಿರುತ್ತದೆ ಎಂಬುದನ್ನು ಹನ್ನೊಂದು ತಿಂಗಳೂ ಮುಟ್ಟುತ್ತಿದ್ದರೂ ಈಗಷ್ಟೇ ತಿಳಿದವಳಂತೆ ಕೈ ಅಲ್ಲೇ ನಿಂತಿತು. ಅದರ ಕೆಳಗೆ ಒಂದೇ ಬೆರಳು, ಅಲ್ಲಿ ಕತ್ತರಿಯ ಬಾಯಿ ತೆರೆದಿಟ್ಟಳು. ಆಗ ಸಮ್ರಾಟನ ಪಕ್ಕೆಯ ಮೇಲೆ ಒಂದು ನೊಣ ಬಂದು ಕೂತಿತು. ತೊಗಲು ನಡುಗಿತು. ಬಾಲ ಏಳಬೇಕು, ಆದರೆ ಅವಳ ಮುಷ್ಟಿಯಲ್ಲಿದೆ. ಕುದುರೆ ಎಳೆದುಕೊಳ್ಳಲಿಲ್ಲ, ಒದೆಯಲಿಲ್ಲ, ಕತ್ತು ತಿರುಗಿಸಿ ಅವಳನ್ನು ನೋಡಿತು, ಅಷ್ಟೆ, ನೀನು ಹಿಡಿದಿದ್ದೀಯಲ್ಲ, ಓಡಿಸು ಎನ್ನುವ ಹಾಗೆ. ಅವಳು ಓಡಿಸಲಿಲ್ಲ. ನೊಣ ಕಚ್ಚುವುದನ್ನು ನೋಡುತ್ತ ನಿಂತಳು. ಕಥೆಯ ಹುಡುಗಿ ಹೀಗೆ ನಿಂತಿರಲಿಕ್ಕಿಲ್ಲ. ಅವಳಿಗೆ ಕೋಟೆಯ ಗೋಡೆ ಕಾಣುತ್ತಿತ್ತು, ಇವಳಿಗೆ ಕಾಣುತ್ತಿರುವುದು ಒಂದು ಸುಕ್ಕೂ ಇಲ್ಲದ ಹಾಗೆ ತಾನು ಸುತ್ತಿದ ಬ್ಯಾಂಡೇಜು. ಥೂ, ಹೇಡಿ, ಎಂದು ತನಗೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಬಾಗಿ ಕತ್ತರಿಯನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ, ಹಿಂಗಾಲಿನ ಕೀಲು ದಾಟಿ ಒಂದು ಗೇಣು ಕೆಳಗೆ ತಂದಳು. ಎಷ್ಟು ಹಿಂದಕ್ಕೆ ನಡೆದರೂ ಗೊರಸಿಗೆ ಸಿಗದ, ಯಾವ ನೊಣಕ್ಕಾದರೂ ಸಾಕಾಗುವ ಉದ್ದ. ಅಣ್ಣಪ್ಪ ಇದ್ದಿದ್ದರೆ ಎಂದೋ ಕತ್ತರಿಸಿರುತ್ತಿದ್ದ ಉದ್ದ. ಎರಡು ಕಡೆ ರಬ್ಬರ್ ಬ್ಯಾಂಡು ಬಿಗಿದು ನಡುವೆ ಕತ್ತರಿಸಿದಳು. ಒಂದೇ ಸಲಕ್ಕೆ ಆಗಲಿಲ್ಲ. ಕುದುರೆಯ ಕೂದಲು ದಪ್ಪ, ಕತ್ತರಿ ಕರಕರ ಅಗಿಯಿತು, ನಾಲ್ಕು ಸಲ, ಐದು ಸಲ. ಕೊನೆಗೆ ಒಂದು ಮೊಳ ಬಾಲ ಅವಳ ಕೈಗೆ ಬಂತು, ಅಂದುಕೊಂಡದ್ದಕ್ಕಿಂತ ಹಗುರ.

"ಎಂದಾ ಈ ಚೆಯ್ತೇ!" ಏನು ಮಾಡಿದೆ ಇದು, ಎಂಬ ಆಶಿಶನ ಕೂಗಿಗೆ ಅಕ್ಕಪಕ್ಕದ ಚಪ್ಪರದವರೆಲ್ಲ ತಿರುಗಿದರು. ಆರೇಳು ಸವಾರರು, ಅವರ ಮನೆಯವರು, ಚೀಟಿ ಹಿಡಿದ ಕಾರ್ಯಕರ್ತರು. ಅವನ ಮುಖ ಅವಳು ರೈಲಿನಲ್ಲಿ ಎಂಟು ಸಲ ನೋಡಿದ್ದ ಹಾಗೆಯೇ ಆಯಿತು, ಬಾಯಿ ಅಷ್ಟೇ ತೆರೆಯಿತು, ಕೈ ಅಷ್ಟೇ ಮೇಲೆದ್ದಿತು. ಈಗ ಹೇಳಬೇಕು. ಹೇಳಬೇಕಾದ್ದನ್ನು ಹನ್ನೊಂದು ತಿಂಗಳಿಂದ ಮಲಯಾಳದಲ್ಲಿ ಉರುಹಾಕಿದ್ದಳು, ಕನ್ನಡಿಯ ಮುಂದೆ, ಮೆಟ್ರೋದಲ್ಲಿ ತುಟಿಯಾಡಿಸುತ್ತ. ಒಂದೊಂದು ಕ್ರಿಯಾಪದವನ್ನೂ ಜೊತೆಯವರನ್ನು ಕೇಳಿ ತಿದ್ದಿಕೊಂಡಿದ್ದಳು. ಬಾಯಿ ತೆರೆದಾಗ ಬಂದದ್ದು ಬರೀ ಕನ್ನಡ. "ಅಂಬಿಳಿ ಬಾಲಕ್ಕೆ ಬಟ್ಟೆ ಒದ್ದೆ ಮಾಡಿ ಕಟ್ಟಿಸಿದ್ದು ನೀನು. ಕಟ್ಟಿದ್ದು ನಾನು. ಬಿಚ್ಚಲಾ ಅಂತ ಅಣ್ಣಪ್ಪ ಫೋನ್ ಮಾಡಿದರೆ ಬೇಡ ಅಂದಿದ್ದೂ ನೀನೇ. ನಾನು ಪಕ್ಕದಲ್ಲೇ ಕೂತು ಕೇಳಿದೀನಿ. ನೆನಪಿಲ್ಲ ಅಂತ ಸುಳ್ಳು ಹೇಳಿ ಅವರ ಅನ್ನ ಕಿತ್ತಿದೀನಿ. ಅವರು ಮರೆತಿರಲಿಲ್ಲ. ಅವರು ಏನನ್ನೂ ಮರೆಯೋರಲ್ಲ." ಸುತ್ತ ನಿಂತವರು ಅವಳ ಬಾಯನ್ನೂ ಅವಳ ಕೈಯಲ್ಲಿದ್ದ ಬಾಲವನ್ನೂ ನೋಡಿದರು. ಒಬ್ಬರಿಗೂ ಒಂದು ಮಾತೂ ತಿಳಿಯಲಿಲ್ಲ. ಯಾರೋ ಹೆಂಗಸು, ಪಾಪ, ಕುದುರೆ ಒದ್ದಿತೇನೋ ಎಂದು ಮಲಯಾಳದಲ್ಲಿ ಮರುಗಿದಳು. ತಿಳಿದದ್ದು ಇಬ್ಬರಿಗೆ. ಪ್ಲಾಸ್ಟಿಕ್ ಕುರ್ಚಿಯಿಂದ ಉಮಾಮಹೇಶ್ವರರು ಮೆಲ್ಲಗೆ ಎದ್ದರು.

"ಆಶೀ, ಹೌದೇನೋ?"

"ಅಪ್ಪಾ, ಇಪ್ಪೋ ವೇಂಡಾ. ಪ್ಲೀಸ್."

"ಈಗ ಬೇಡ ಅಂದರೆ ಹೌದು ಅಂತಲೇ ಅರ್ಥ. ಆ ಮನುಷ್ಯನನ್ನ ಕೆಲಸದಿಂದ ತೆಗೆಸಿದೆ ಅಂತ ನನಗೆ ಫೋನ್ ಮಾಡಿ ಹೇಳಿದ್ದೆಯಲ್ಲೋ. ಶಿಸ್ತು ಅಂದರೆ ನಿಮ್ಮಿಂದ ಕಲಿತದ್ದು ಅಪ್ಪಾ ಅಂದಿದ್ದೆ. ನಾನು ಖುಷಿಪಟ್ಟಿದ್ದೆ ಕಣೋ." ಅವರು ಕುರ್ಚಿಯನ್ನು ಎತ್ತಿ, ಬೇರೆಯವರಿಗೆ ದಾರಿಗಡ್ಡವಾಗದಂತೆ ಚಪ್ಪರದ ಕಂಬಕ್ಕೆ ಒರಗಿಸಿಟ್ಟು, ಬಿಸಿಲಿಗೆ ಕೈ ಅಡ್ಡ ಹಿಡಿದು ಗೇಟಿನ ಕಡೆಗೆ ನಡೆದರು. ಆಶಿಶ್ ಅವರ ಹಿಂದೆ ಎರಡು ಹೆಜ್ಜೆ ಹೋಗಿ, ಮೈಕಿನಲ್ಲಿ ತನ್ನ ಹೆಸರು ಕೂಗಿದ್ದಕ್ಕೆ ನಿಂತು, ಅತ್ತಲೂ ಇತ್ತಲೂ ಅಲ್ಲದವನಾದ. ಇಂಚರಾಗೆ ಖುಷಿಯಾಯಿತು. ಸುಳ್ಳು ಯಾಕೆ, ಖುಷಿಯಾಯಿತು. ಬಾಯಿಗಿಟ್ಟ ಬೆಲ್ಲದಂತೆ ಅದು ಕರಗುವವರೆಗೂ ಕಣ್ಣುಮುಚ್ಚಿ ಅನುಭವಿಸಿದಳು. ಆದರೆ ಬೆಲ್ಲ ಬೇಗ ಕರಗಿತು. ಅಖಾಡದಲ್ಲಿ ಸಮ್ರಾಟ, ಬಾಲದ ಅಂಚು ಕುಂಚದಂತೆ ನೇರವಾಗಿ, ಎಂಟು ಹೆಜ್ಜೆ ಹಿಂದಕ್ಕೆ ಒಮ್ಮೆಯೂ ತಡವರಿಸದೆ ನಡೆಯಿತು. ಬಾಲ ಎಷ್ಟು ಅಚ್ಚುಕಟ್ಟು, ಕುದುರೆಯ ಬಗ್ಗೆ ಕಾಳಜಿ ಇರುವ ಸವಾರ, ಎಂದು ತೀರ್ಪುಗಾರರು ಮೈಕಿನಲ್ಲಿ ಹೊಗಳಿ ಎರಡನೇ ಬಹುಮಾನ ಕೊಟ್ಟರು. ಪದಕ ಕೊರಳಿಗೆ ಬೀಳುವಾಗ ಆಶಿಶ್ ಅಭ್ಯಾಸಬಲದಿಂದ ನಕ್ಕು, ಚಪ್ಪರದ ಕಂಬಕ್ಕೆ ಒರಗಿದ್ದ ಖಾಲಿ ಕುರ್ಚಿಯ ಕಡೆ ನೋಡಿದ. ಅಷ್ಟನ್ನು ನೋಡಿಕೊಂಡು ಅವಳು ಆಟೋ ಹಿಡಿದಳು.

ತೆಂಗಿನ ತೋಟದಲ್ಲಿ ಕೌಸಲ್ಯಾ ಇರಲಿಲ್ಲ, ಪೇಟೆಗೆ ಹೋಗಿದ್ದರು. ಅಣ್ಣಪ್ಪ ಹುಲ್ಲು ಉದುರಿಸುತ್ತಿದ್ದವನು ಅವಳನ್ನು ಕಂಡು ಕೈ ಚಾಚಿದ. ಬಾಲವನ್ನು ಅಂಗೈಯಲ್ಲಿ ತೂಗಿ ನೋಡಿದ.

"ಇಷ್ಟೇಯಾ?"

"ಬುಡಕ್ಕೆ ಕತ್ತರಿಸೋಕೆ ಆಗಲಿಲ್ಲ."

"ಯಾಕೆ, ಯಾರಾರ ಬಂದ್ರಾ?"

"ಯಾರೂ ಬರಲಿಲ್ಲ."

ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಬಾಲವನ್ನು ಅವಳಿಗೇ ಹಿಂತಿರುಗಿಸಿದ. "ತಂದೋಳೇ ಕಟ್ಟು. ನನ್ ಕೈ ಕುದುರೆಗೆ ಆಗ್ಬರಲ್ಲ ಅಂತ ತೀರ್ಪಾಗೈತಲ್ಲ, ಐದ್ ಜನ ಕೂತು." ಅವಳು ಅಂಬಿಳಿಯ ಪಕ್ಕಕ್ಕೆ ಹೋಗಿ ಅಂಗೈ ಜಾರಿಸಿದಳು. ಮೊಂಡಿನ ಮೇಲ್ಭಾಗದಲ್ಲಿ ಉಳಿದಿದ್ದ ಕೂದಲನ್ನು ಮೂರು ಎಳೆ ಮಾಡಿ, ತಂದದ್ದನ್ನು ಅದರೊಳಗೆ ಹೆಣೆಯತೊಡಗಿದಳು. ಬೆರಳು ಬೆವೆತು ಜಾರುತ್ತಿತ್ತು. "ಬಿಗಿಯಾಯ್ತು. ಬಿಚ್ಚು," ಎಂದ ಅಣ್ಣಪ್ಪ. ಬಿಚ್ಚಿದಳು. ಎರಡನೇ ಸಲ ಹೆಣೆದು ಮುಗಿಸುವಷ್ಟರಲ್ಲಿ, "ಸಡ್ಲ. ಎಲ್ಡ್ ದಿನಕ್ಕೆ ಬೀಳ್ತೈತೆ. ಬಿಚ್ಚು." ಮೂರನೇ ಸಲ, "ಎಲ್ ನಿಂತಿದೀಯ? ಒದೆ ತಿನ್ಬೇಕಾ? ಪಕ್ಕಕ್ ಬಾ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಧಾನವಾದ ಒಂದು ರುಚಿಯಿತ್ತು, ಹನ್ನೊಂದು ತಿಂಗಳು ತಾನು ಸಮ್ರಾಟನ ಬಾಲ ಬಾಚಿದ್ದು ಯಾವ ರುಚಿಗೋ ಅದೇ. ಅದನ್ನು ಗುರುತಿಸಿದ ಮೇಲೆ ಅವಳಿಗೆ ಅವಸರ ಹೋಯಿತು. ಎಷ್ಟು ಸಲ ಬೇಕೋ ಅಷ್ಟು ಸಲ ಬಿಚ್ಚಲಿ. ತೆಂಗಿನ ನೆರಳು ಲಾಯದ ಗೋಡೆಯಿಂದ ಕೆಳಗಿಳಿದು ನೆಲದ ಮೇಲೆ ಉದ್ದವಾಯಿತು.

"ಅವತ್ತು ನನಗೆ ನೆನಪಿತ್ತು ಅಣ್ಣಪ್ಪ," ಎಂದಳು, ಕೈಯಲ್ಲಿ ಎಳೆಗಳನ್ನು ಹಿಡಿದೇ. "ಫೋನಿನಲ್ಲಿ ಆಡಿದ ಒಂದೊಂದು ಮಾತೂ. ಒದ್ದೆ ಬಟ್ಟೆ ಕಟ್ಟಿದ್ದೂ ನಾನೇ."

ಅಣ್ಣಪ್ಪ ಹುಲ್ಲಿನ ಕಡ್ಡಿಯೊಂದನ್ನು ಹಲ್ಲಿಗಿಟ್ಟು ತುದಿಯವರೆಗೂ ಅಗಿದ. ಆಮೇಲೆ, "ಬಿಚ್ಚು. ಎಡಗಡೆ ಎಳೆ ತಿರುಚ್ಕಂಡೈತೆ," ಎಂದ.

ಐದನೆಯದೋ ಆರನೆಯದೋ ಸಲ ಹೆಣೆದು ಮುಗಿಸಿದಾಗ ಅವನು ಬಿಚ್ಚು ಅನ್ನಲಿಲ್ಲ. ಎದ್ದು ಬಂದ. ಜಡೆಯ ಬುಡದಲ್ಲಿ, ತೊಗಲಿಗೂ ಕಟ್ಟಿಗೂ ನಡುವೆ, ತನ್ನ ದಪ್ಪ ಬೆರಳನ್ನು ಸುತ್ತಲೂ ಆಡಿಸಿ ನೋಡಿದ. ಮೊಂಡನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಿದೆಯೇ ಎಂದು ನೋಡಿದ. ಕೈ ತೆಗೆದ. ಅಂಬಿಳಿ ಮೊದಲು ಏನೂ ಮಾಡಲಿಲ್ಲ. ಹಿಂದೆ ಏನೋ ತೂಗುತ್ತಿದೆ ಎಂದು ಕಿವಿ ತಿರುಗಿಸಿ ಆಲಿಸುತ್ತಿತ್ತು. ತೊಡೆಯ ಮೇಲೆ ನೊಣ ಕೂತಿತು. ಮೊಂಡು ಎಂದಿನಂತೆ ಎದ್ದಿತು, ಅದರ ಹಿಂದೆಯೇ ಒಂದು ಮೊಳ ಕಪ್ಪು ಕೂದಲು ಗಾಳಿಯನ್ನು ಸೀಳಿಕೊಂಡು ಬಂದು, ಪಕ್ಕದಲ್ಲೇ ಬಾಗಿ ನಿಂತಿದ್ದ ಇಂಚರಾಳ ಕೆನ್ನೆಗೆ, ಕಣ್ಣಿಗೆ, ತುಟಿಗೆ ಬಾರುಕೋಲಿನಂತೆ ಬಡಿಯಿತು. ಕಣ್ಣಲ್ಲಿ ನೀರು ಚಿಮ್ಮಿತು.

"ಅಯ್ಯೋ, ಹೊಡೀತಾಳಲ್ಲ!"

"ಹೊಡೀಲಿ ಬಿಡು," ಎಂದ ಅಣ್ಣಪ್ಪ, ಮೂಲೆಯಲ್ಲಿ ಒರಗಿದ್ದ ಬೇವಿನ ಕೊಂಬೆಯನ್ನು ಎತ್ತಿ ಹೊರಗೆ ಎಸೆಯುತ್ತ. "ತಂದಿದ್ದೇ ಅದಕ್ಕಲ್ವಾ."